ನಡುಗಡಲಿನಲ್ಲಿ ಮನೆಯವರೊಂದಿಗೆ ಒಂದು ಮಾತು

ಸಿಂಗಪುರದಿಂದಲೋ ಬಾರ್ಸಿಲೋನಾದಿಂದಲೋ ಹೊರಟ ವಿಹಾರ ನೌಕೆಯಲ್ಲಿ ಮೊದಲ ಒಂದೆರಡು ಗಂಟೆ ಫೋನಿನ ಯೋಚನೆ ಯಾರಿಗೂ ಬರುವುದಿಲ್ಲ. ದಡದ ಟವರುಗಳು ಇನ್ನೂ ಸಿಗುತ್ತಿರುತ್ತವೆ. ಡೆಕ್ಕಿನ ಮೇಲೆ ನಿಂತು ತೆಗೆದ ಫೋಟೊ ಊರಿನಲ್ಲಿರುವ ಅಜ್ಜಿಗೆ ಆಗಲೇ ತಲುಪಿರುತ್ತದೆ. ಆಮೇಲೆ ಸಿಗ್ನಲ್ಲಿನ ಕಡ್ಡಿಗಳು ಒಂದೊಂದಾಗಿ ಇಳಿದು, ಪೂರ್ತಿ ಹೋಯಿತು ಅನ್ನುವಷ್ಟರಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ಪರದೆಯ ಮೂಲೆಯಲ್ಲಿ ನೋಡಿದರೆ ಇದುವರೆಗೆ ಕಂಡಿರದ ಒಂದು ಹೆಸರು. ಅದು ದಡದ ಯಾವ ದೇಶದ ಜಾಲವೂ ಅಲ್ಲ, ಹಡಗಿನೊಳಗಿನ ಜಾಲ. ಓಣಿಗಳ ಚಾವಣಿಯಲ್ಲಿ ಕೂರಿಸಿದ ಸಣ್ಣ ಆಂಟೆನಾಗಳು ಫೋನನ್ನು ಹಿಡಿದುಕೊಂಡು ಹಡಗಿನ ನೆತ್ತಿಯ ಮೇಲಿನ ಬಿಳಿ ಗುಮ್ಮಟದೊಳಗಿನ ಡಿಶ್‌ಗೆ ಒಪ್ಪಿಸುತ್ತವೆ. ಅಲ್ಲಿಂದ ಉಪಗ್ರಹಕ್ಕೆ, ಉಪಗ್ರಹದಿಂದ ಎಲ್ಲೋ ಒಂದು ಭೂಕೇಂದ್ರಕ್ಕೆ. ಫೋನಿನ ಮಟ್ಟಿಗೆ ಇದೂ ಇನ್ನೊಂದು ಟವರ್ ಅಷ್ಟೆ. ರೋಮಿಂಗ್ ಚಾಲೂ ಇದ್ದರೆ ಯಾರನ್ನೂ ಕೇಳದೆ ಹೋಗಿ ಸೇರಿಕೊಳ್ಳುತ್ತದೆ. ದರದ ಮಟ್ಟಿಗೆ ಮಾತ್ರ ಇದು ಬೇರೆಯೇ ಲೋಕ. ದೇಶದ ಲೆಕ್ಕದಲ್ಲಿ ಹಾಕಿಸಿಕೊಂಡು ಬಂದ ರೋಮಿಂಗ್ ಪ್ಯಾಕ್ ಸಾಮಾನ್ಯವಾಗಿ ಇಲ್ಲಿ ನಡೆಯುವುದಿಲ್ಲ. ಜೇಬಿನಲ್ಲಿ ಸುಮ್ಮನೆ ಬಿದ್ದಿದ್ದ ಫೋನು ತನ್ನ ಪಾಡಿಗೆ ತಾನು ಫೋಟೊಗಳನ್ನು ಕ್ಲೌಡಿಗೆ ಏರಿಸುತ್ತಿದ್ದರೆ, ಆ ಖರ್ಚು ಕಣ್ಣಿಗೆ ಬೀಳುವುದು ಊರಿಗೆ ಬಂದು ಬಿಲ್ಲು ತೆರೆದಾಗ.

ಇದಕ್ಕೆ ಪ್ರವಾಸದ ಏಜೆಂಟರು ಹೇಳುವ ಪರಿಹಾರ ಎಲ್ಲರಿಗೂ ಗೊತ್ತು: ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಹಡಗಿನ ವೈಫೈ ಪ್ಯಾಕ್ ಕೊಳ್ಳಿ. ಸಲಹೆ ಸರಿಯಾದದ್ದೇ. ಆದರೆ ಆ ಪ್ಯಾಕಿನ ಬೆಲೆ ದೊಡ್ಡ ಕಂಪನಿಗಳ ಹಡಗುಗಳಲ್ಲಿ ಒಂದು ಫೋನಿಗೆ ದಿನಕ್ಕೆ 20 ಡಾಲರಿನ ಆಸುಪಾಸು. ಗಂಡ, ಹೆಂಡತಿ, ಹದಿಹರೆಯದ ಇಬ್ಬರು ಮಕ್ಕಳು, ಏಳು ದಿನದ ಪ್ರವಾಸ ಎಂದು ಲೆಕ್ಕ ಹಾಕಿದರೆ 560 ಡಾಲರ್ ಆಯಿತು. ಒಟ್ಟಿಗೆ ಕೊಂಡರೆ ಒಂದಿಷ್ಟು ರಿಯಾಯಿತಿ ಸಿಗಬಹುದು. ಆದರೂ ಅನೇಕ ಕುಟುಂಬಗಳು ಮಾಡುವುದು ಒಂದೇ ಪ್ಯಾಕ್ ಕೊಂಡು ಅಪ್ಪನ ಫೋನಿಗೆ ಹಾಕಿಕೊಳ್ಳುವುದು. ಉಳಿದ ಮೂವರು ಹಡಗಿನ ಮೂರು ಮೂಲೆಯಲ್ಲಿ, ಸಂಪರ್ಕವಿಲ್ಲದೆ. ಇಲ್ಲಿ ಎರಡು ಬೇರೆ ಬೇರೆ ಅಗತ್ಯಗಳನ್ನು ಒಂದೇ ಪೊಟ್ಟಣದಲ್ಲಿ ಕಟ್ಟಿ ಮಾರಲಾಗುತ್ತಿದೆ ಎಂಬುದೇ ನನ್ನ ತಕರಾರು. ಸಿನಿಮಾ ನೋಡುವುದು, ರೀಲ್ಸ್ ಹಾಕುವುದು, ಆಫೀಸಿನ ಮೀಟಿಂಗಿಗೆ ಕೂರುವುದು ಒಂದು ಅಗತ್ಯ; ಅದನ್ನು ಬೇಕಾದ ಬೆಲೆಗೆ ಮಾರಲಿ. ಮಗು ಎಲ್ಲಿದೆ ಎಂದು ಕೇಳುವುದು, ಊರಿನಲ್ಲಿರುವ ಅಮ್ಮನಿಗೆ ಹುಷಾರಿದ್ದೇವೆ ಎಂದು ಒಂದು ಸಾಲು ಬರೆಯುವುದು, ಬ್ಯಾಂಕಿನ ಒಂದು ಎಚ್ಚರಿಕೆಯನ್ನು ಓದುವುದು ಇನ್ನೊಂದು ಅಗತ್ಯ. ಈ ಎರಡನೆಯದು ಕುಡಿಯುವ ನೀರಿನ ಹಾಗೆ, ಲೈಫ್ ಜಾಕೆಟ್ಟಿನ ಹಾಗೆ ಟಿಕೆಟ್ಟಿನಲ್ಲೇ ಸೇರಿರಬೇಕು.

ಹಡಗಿನ ಒಳಗಿನ ಮಾತನ್ನೇ ಮೊದಲು ನೋಡೋಣ. ಹಡಗು ಎಂದರೆ ನಮ್ಮ ಕಣ್ಣ ಮುಂದೆ ಬರುವ ಚಿತ್ರಕ್ಕೂ ಇಂದಿನ ವಿಹಾರ ನೌಕೆಗೂ ಸಂಬಂಧವಿಲ್ಲ. 2024ರ ಜನವರಿಯಲ್ಲಿ ಮೊದಲ ಯಾನ ಹೊರಟ ಐಕಾನ್ ಆಫ್ ದಿ ಸೀಸ್ 365 ಮೀಟರ್ ಉದ್ದ, 20 ಡೆಕ್ಕುಗಳ ಊರು. ಪೂರ್ತಿ ತುಂಬಿದರೆ 7,600 ಪ್ರಯಾಣಿಕರು, ಅದರ ಮೇಲೆ ಎರಡು ಸಾವಿರಕ್ಕೂ ಹೆಚ್ಚು ಸಿಬ್ಬಂದಿ. ನಮ್ಮ ಎಷ್ಟೋ ಹೋಬಳಿ ಕೇಂದ್ರಗಳಲ್ಲಿ ಇಷ್ಟು ಜನ ಇಲ್ಲ. ಆರು ವರ್ಷದ ಮಗು ಮಕ್ಕಳ ಕ್ಲಬ್ಬಿನಲ್ಲಿ, ಮಂಡಿ ನೋವಿನ ಅಜ್ಜಿ ಕ್ಯಾಬಿನ್ನಿನಲ್ಲಿ, ದೊಡ್ಡ ಮಗಳು ಹತ್ತು ಮಹಡಿ ಮೇಲೆ ಈಜುಕೊಳದಲ್ಲಿ. ಗೋಡೆಗಳೆಲ್ಲ ಉಕ್ಕಿನವು, ಒಂದು ಫೋನು ಇನ್ನೊಂದು ಫೋನನ್ನು ನೇರವಾಗಿ ಹುಡುಕುವ ಬ್ಲೂಟೂತ್‌ನಂಥ ಉಪಾಯಗಳು ಎರಡು ಕೋಣೆ ದಾಟುವುದರೊಳಗೆ ಸೋಲುತ್ತವೆ. ಅನುಭವಸ್ಥ ಪ್ರಯಾಣಿಕರು ಇದಕ್ಕೆ ಕಂಡುಕೊಂಡ ಉಪಾಯವೂ ಆ ಉಕ್ಕನ್ನೇ ನಂಬಿದ್ದು: ಅಯಸ್ಕಾಂತದ ಸಣ್ಣ ಬಿಳಿ ಹಲಗೆಯೊಂದನ್ನು ಮನೆಯಿಂದಲೇ ತಂದು ಕ್ಯಾಬಿನ್ ಬಾಗಿಲಿಗೆ ಅಂಟಿಸುತ್ತಾರೆ. 'ಊಟಕ್ಕೆ ಹೋಗಿದ್ದೇವೆ, ಎಂಟೂವರೆಗೆ ಬರುತ್ತೇವೆ' ಎಂದು ಅದರ ಮೇಲೆ ಬರೆದಿಟ್ಟು ಹೋಗುತ್ತಾರೆ. ಉಪಗ್ರಹಕ್ಕೆ ಡಿಶ್ ತಿರುಗಿಸಿಕೊಂಡು ಸಾಗುವ ಹಡಗಿನಲ್ಲಿ ತಾಯಿ ಮಗಳ ನಡುವಿನ ಸಂದೇಶ ಸೀಮೆಸುಣ್ಣದ ಕಾಲದ್ದು. ಇದು ಬಡತನದಿಂದ ಬಂದ ಸ್ಥಿತಿಯಲ್ಲ, ದರಪಟ್ಟಿಯಿಂದ ಬಂದದ್ದು. ಹಡಗಿನ ಒಳಗೇ ಒಬ್ಬರಿಂದ ಒಬ್ಬರಿಗೆ ಹೋಗುವ ಸಂದೇಶ ಉಪಗ್ರಹದ ತನಕ ಹೋಗಬೇಕಾಗಿಯೇ ಇಲ್ಲ. ಹಡಗಿನ ಸ್ವಂತ ವೈಫೈಯಲ್ಲೇ ಹೋಗಿ ಬರಬಹುದು. ಹಡಗಿನ ಆ್ಯಪಿನಲ್ಲಿ ಇಂಥ ಚಾಟ್ ವ್ಯವಸ್ಥೆಯನ್ನು ಕೆಲವು ಕಂಪನಿಗಳು ಉಚಿತವಾಗಿ ಕೊಡುತ್ತವೆ, ಕೆಲವು ಸಣ್ಣದೊಂದು ಶುಲ್ಕ ಹಾಕುತ್ತವೆ. ಆ ಶುಲ್ಕಕ್ಕೆ ಸಮರ್ಥನೆ ನನಗೆ ಎಲ್ಲಿಯೂ ಕಾಣುವುದಿಲ್ಲ.

ಇನ್ನು ದಡದ ಕಡೆಯ ಮಾತು. ನಮ್ಮ ದೇಶದಿಂದ ಹೊರಡುವ ಕುಟುಂಬಕ್ಕೆ ಇಲ್ಲಿ ಒಂದು ವಿಶೇಷ ತೊಡಕಿದೆ, ಅದು ಒಟಿಪಿ. ನಮ್ಮ ಬ್ಯಾಂಕು, ಕಾರ್ಡು, ಟಿಕೆಟ್ಟು, ವಿಮೆ ಎಲ್ಲದರ ಬೀಗದ ಕೈ ಎಸ್ಸೆಮ್ಮೆಸ್ಸಿನಲ್ಲಿ ಬರುವ ಆರಂಕಿ. ಫೋನು ಏರೋಪ್ಲೇನ್ ಮೋಡಿನಲ್ಲಿದ್ದು ವೈಫೈ ಮಾತ್ರ ಇದ್ದರೆ ವಾಟ್ಸ್ಆ್ಯಪ್ ಬರುತ್ತದೆ. ಎಸ್ಸೆಮ್ಮೆಸ್ ಸಾಮಾನ್ಯವಾಗಿ ಬರುವುದಿಲ್ಲ. ಅದು ಬರಬೇಕಾದರೆ ರೋಮಿಂಗ್ ತೆರೆಯಬೇಕು, ರೋಮಿಂಗ್ ತೆರೆದರೆ ಹಡಗಿನ ದುಬಾರಿ ಜಾಲ ಕಾದಿರುತ್ತದೆ. ಮುಂದಿನ ಬಂದರಿನಲ್ಲಿ ಆಸ್ಪತ್ರೆಗೆ ದುಡ್ಡು ಕಟ್ಟಬೇಕಾದ, ವಿಮಾನದ ಟಿಕೆಟ್ ಬದಲಿಸಬೇಕಾದ ಕುಟುಂಬ ಈ ಸುಳಿಯಲ್ಲಿ ಸಿಕ್ಕಿಕೊಂಡರೆ ಪ್ಯಾಕಿನ ದುಡ್ಡು ಕೊಟ್ಟೂ ಕೆಲಸವಾಗುವುದಿಲ್ಲ. ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನಗಳು 2026ರ ಏಪ್ರಿಲ್ 1ರಿಂದ ಎಸ್ಸೆಮ್ಮೆಸ್ ಒಟಿಪಿಯ ಆಚೆಗಿನ ದೃಢೀಕರಣ ವಿಧಾನಗಳಿಗೂ ದಾರಿ ಬಿಟ್ಟಿವೆ. ಒಳ್ಳೆಯದು. ಆದರೆ ಆ್ಯಪಿನ ಮೂಲಕ ದೃಢೀಕರಿಸಲೂ ಇಂಟರ್ನೆಟ್ಟಿನ ಒಂದು ಎಳೆ ಬೇಕೇ ಬೇಕು.

ಸಂಪರ್ಕವನ್ನು ಸುರಕ್ಷತೆಯ ಜತೆ ಜೋಡಿಸಿದ್ದು ಅತಿಯಾಯಿತು ಎನ್ನುವವರು ಎರಡು ಹಡಗುಗಳ ಕಥೆಯನ್ನು ನೆನಪಿಸಿಕೊಳ್ಳಬೇಕು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಂಡೆಗೆ ಕೋಸ್ಟಾ ಕಾಂಕಾರ್ಡಿಯಾ ಬಡಿಯಿತು. ಹಡಗಿನೊಳಗೆ ನೀರು ನುಗ್ಗುತ್ತಿದ್ದರೂ ಹಡಗು ನಡೆಸುತ್ತಿದ್ದವರು ದಡಕ್ಕೆ ತಿಳಿಸಲಿಲ್ಲ. ಮೊದಲ ಸುಳಿವು ಹೋದದ್ದು ಪ್ರಯಾಣಿಕರೊಬ್ಬರ ಮೊಬೈಲಿನಿಂದ. ಅವರು ಪ್ರಾತೊ ನಗರದಲ್ಲಿದ್ದ ಮನೆಯವರಿಗೆ ಫೋನ್ ಮಾಡಿದರು, ಮನೆಯವರು ಅಲ್ಲಿನ ಪೊಲೀಸರಿಗೆ ಹೇಳಿದರು, ಪೊಲೀಸರು ಲಿವೊರ್ನೊ ಬಂದರಿನ ಕರಾವಳಿ ಕಾವಲು ಪಡೆಗೆ ತಿಳಿಸಿದರು. ಕಾವಲು ಪಡೆ ಹಡಗನ್ನು ಕೇಳಿದಾಗ ಬಂದ ಉತ್ತರ, ಕರೆಂಟು ಹೋಗಿದೆ ಅಷ್ಟೆ ಎಂದು. ಆ ರಾತ್ರಿ 32 ಮಂದಿ ಸತ್ತರು. ಹಡಗು ದಡಕ್ಕೆ ತೀರಾ ಹತ್ತಿರವಿದ್ದುದರಿಂದ ದ್ವೀಪದ ಟವರಿನ ಸಿಗ್ನಲ್ ಸಿಕ್ಕಿತು. ನಡುಗಡಲಿನಲ್ಲಾಗಿದ್ದರೆ ಆ ಕರೆ ಪ್ಯಾಕ್ ಕೊಂಡವರ ಇಲ್ಲವೇ ದುಬಾರಿ ರೋಮಿಂಗ್ ತೆರೆದವರ ಫೋನಿನಿಂದ ಮಾತ್ರ ಸಾಧ್ಯವಿತ್ತು. ಇನ್ನೊಂದು, 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಕೊರೊನಾದಿಂದಾಗಿ ತಡೆಹಿಡಿಯಲಾದ ಡೈಮಂಡ್ ಪ್ರಿನ್ಸೆಸ್. 3,711 ಜನರಿದ್ದ ಆ ಹಡಗಿನಲ್ಲಿ 712 ಮಂದಿಗೆ ಸೋಂಕು ತಗಲಿತು. 132 ಸಿಬ್ಬಂದಿ, ಆರು ಪ್ರಯಾಣಿಕರು ಸೇರಿ ಹಡಗಿನಲ್ಲಿದ್ದ ಭಾರತೀಯರೇ 138 ಮಂದಿ. ಕ್ಯಾಬಿನ್ನಿನಲ್ಲಿ ಬಂದಿಯಾದವರಿಗೆ ಕಂಪನಿ ಇಂಟರ್ನೆಟ್ಟನ್ನು ಉಚಿತ ಮಾಡಿತು. ಜಪಾನಿನ ಆರೋಗ್ಯ ಸಚಿವಾಲಯ ವೈದ್ಯರನ್ನು ಕೇಳಲು, ಔಷಧಿ ತರಿಸಿಕೊಳ್ಳಲು ಸುಮಾರು 2,000 ಐಫೋನುಗಳನ್ನೇ ಹಡಗಿಗೆ ಕಳಿಸಿತು. ನಮ್ಮವರು ಫೋನಿನಲ್ಲಿ ಚಿತ್ರೀಕರಿಸಿ ಕಳಿಸಿದ ಮೊರೆಯ ವಿಡಿಯೊಗಳು ದೇಶವಿಡೀ ಹರಿದಾಡಿದವು. ಫೆಬ್ರುವರಿ 27ರಂದು 119 ಭಾರತೀಯರನ್ನು ವಿಮಾನದಲ್ಲಿ ಕರೆತರಲಾಯಿತು. ಅಪಾಯ ಬಂದ ಮೇಲೆ ಸಂಪರ್ಕವನ್ನು ಎಲ್ಲರಿಗೂ ತೆರೆದದ್ದನ್ನು ನಾನು ಮೆಚ್ಚುತ್ತೇನೆ. ಸಂಪರ್ಕ ಅತ್ಯಗತ್ಯ ಎಂದು ಎಲ್ಲರೂ ಒಪ್ಪಿದ್ದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಇದಕ್ಕೊಂದು ಗಟ್ಟಿಯಾದ ಪ್ರತಿವಾದ ಟೈಟಾನಿಕ್‌ನಿಂದಲೇ ಬರುತ್ತದೆ. 1912ರಲ್ಲಿ ಆ ಹಡಗಿನ ತಂತಿರಹಿತ ಕೋಣೆಯಲ್ಲಿ ಕೂತಿದ್ದ ಜ್ಯಾಕ್ ಫಿಲಿಪ್ಸ್, ಹೆರಾಲ್ಡ್ ಬ್ರೈಡ್ ಇಬ್ಬರೂ ಮಾರ್ಕೋನಿ ಕಂಪನಿಯ ನೌಕರರು. ಪ್ರಯಾಣಿಕರು ಊರಿಗೆ ಕಳಿಸುವ ಸಂದೇಶಕ್ಕೆ ಮೊದಲ ಹತ್ತು ಪದಕ್ಕೆ 12 ಶಿಲ್ಲಿಂಗ್ ಆರು ಪೆನ್ಸ್, ಮುಂದಿನ ಪ್ರತಿ ಪದಕ್ಕೆ ಒಂಬತ್ತು ಪೆನ್ಸ್. ಯಂತ್ರ ಕೆಟ್ಟು ರಿಪೇರಿಯಾಗುವಷ್ಟರಲ್ಲಿ ಸಂದೇಶಗಳು ರಾಶಿ ಬಿದ್ದಿದ್ದವು. ಏಪ್ರಿಲ್ 14ರ ರಾತ್ರಿ ಫಿಲಿಪ್ಸ್ ಅವುಗಳನ್ನು ಕೇಪ್ ರೇಸ್ ಕೇಂದ್ರಕ್ಕೆ ದಾಟಿಸುವ ಗಡಿಬಿಡಿಯಲ್ಲಿದ್ದಾಗ ಮೆಸಾಬಾ ಎಂಬ ಹಡಗಿನಿಂದ ಬಂದ ಹಿಮಗಡ್ಡೆಯ ಎಚ್ಚರಿಕೆ ಅಧಿಕಾರಿಗಳ ಕೈಗೆ ತಲುಪಲೇ ಇಲ್ಲ. ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಎಂಬ ಇನ್ನೊಂದು ಹಡಗು ಎಚ್ಚರಿಸಲು ಬಂದಾಗ ಸುಮ್ಮನಿರು, ಕೆಲಸದಲ್ಲಿದ್ದೇನೆ ಎಂಬ ಉತ್ತರ ಹೋಯಿತು. ಹಾಗಾದರೆ ಪ್ರಯಾಣಿಕರ ಕುಶಲ ಸಮಾಚಾರವೇ ಅಪಾಯ ತಂದಿತಲ್ಲ, ಅದನ್ನು ಉಚಿತ ಮಾಡಿದರೆ ದಾರಿ ಇನ್ನಷ್ಟು ಕಟ್ಟಿಕೊಳ್ಳುವುದಿಲ್ಲವೆ ಎಂದು ಕೇಳಬಹುದು. ಅಂದು ಇದ್ದದ್ದು ಒಂದೇ ಯಂತ್ರ, ಒಂದೇ ದಾರಿ. ಯಾವ ಸಂದೇಶ ಮೊದಲು ಹೋಗಬೇಕು ಎಂಬುದಕ್ಕೆ ಗಟ್ಟಿಯಾದ ನಿಯಮ ಇರಲಿಲ್ಲ. ದುರಂತದ ನಂತರ ಅಮೆರಿಕ ಅದೇ ವರ್ಷ ರೇಡಿಯೊ ಕಾಯ್ದೆ ತಂದಿತು, 1914ರಲ್ಲಿ ಸಮುದ್ರ ಸುರಕ್ಷತೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಬಂತು. 1999ರ ಫೆಬ್ರುವರಿ 1ರಿಂದ ಪೂರ್ತಿಯಾಗಿ ಜಾರಿಯಾದ ಜಾಗತಿಕ ಸಮುದ್ರ ಅಪಾಯ ಸಂಪರ್ಕ ವ್ಯವಸ್ಥೆ ಪ್ರಯಾಣಿಕರ ವೈಫೈಗೆ ಸಂಬಂಧವಿಲ್ಲದ ತನ್ನದೇ ಉಪಕರಣಗಳ ಮೇಲೆ ನಡೆಯುತ್ತದೆ. ಇಂದು ಅಜ್ಜಿಗೆ ಕಳಿಸಿದ ಒಂದು ಸಾಲು ಕ್ಯಾಪ್ಟನ್ನಿನ ಕಿವಿ ಮುಚ್ಚಿಸುವುದಿಲ್ಲ. ಟೈಟಾನಿಕ್‌ನಿಂದ ನನಗೆ ಕಾಣುವ ಪಾಠವೇ ಬೇರೆ: ಕಡಲಿನ ಸಂಪರ್ಕದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ದುಡ್ಡು ಕೊಡುವವರ ಸಾಲಿಗೆ ಬಿಡಬಾರದು, ನಿಯಮ ಹೇಳಬೇಕು.

ಅಂಥ ನಿಯಮ ಹಡಗಿನಲ್ಲಿ ದುಡಿಯುವವರ ಮಟ್ಟಿಗೆ ಈಗಾಗಲೇ ಬಂದಿದೆ ಎಂಬುದು ಎಷ್ಟೋ ಪ್ರಯಾಣಿಕರಿಗೆ ಗೊತ್ತಿಲ್ಲ. ಭಾರತವೂ 2015ರಲ್ಲಿ ಅನುಮೋದಿಸಿರುವ ಸಾಗರ ಕಾರ್ಮಿಕರ ಒಪ್ಪಂದಕ್ಕೆ 2022ರಲ್ಲಿ ಆದ ತಿದ್ದುಪಡಿ 2024ರ ಡಿಸೆಂಬರ್ 23ರಂದು ಜಾರಿಗೆ ಬಂತು. ನಾವಿಕರಿಗೆ ಕೊಡಬೇಕಾದ ಸೌಲಭ್ಯಗಳ ಪಟ್ಟಿಗೆ ಮನೆ ಮಂದಿಯೊಂದಿಗಿನ ಸಂಪರ್ಕವೂ ಸೇರಿತು. ಇಂಟರ್ನೆಟ್ಟಿಗೆ ಶುಲ್ಕ ಹಾಕುವುದಾದರೂ ಅದು ನ್ಯಾಯವಾದ ಮಟ್ಟದಲ್ಲಿರಬೇಕು ಎಂಬ ಮಾರ್ಗಸೂಚಿಯೂ ಬಂತು. ಮಂಗಳೂರು, ಉಡುಪಿ, ಕಾರವಾರದ ಎಷ್ಟೋ ಮನೆಗಳಿಗೆ ಇದು ಓದಿ ಬಿಡುವ ಸುದ್ದಿಯಲ್ಲ. ಆರೆಂಟು ತಿಂಗಳು ಹಡಗಿನ ಅಡುಗೆಮನೆಯಲ್ಲೋ ಕ್ಯಾಬಿನ್ನುಗಳ ಓಣಿಯಲ್ಲೋ ದುಡಿಯುವ ಮಗ, ರಾತ್ರಿ ಪಾಳಿ ಮುಗಿಸಿ ಮನೆಗೆ ಮಾಡುವ ಕರೆಯ ಮೇಲೆ ಆ ಮನೆಯ ದಿನಚರಿ ನಿಂತಿರುತ್ತದೆ. ಮನೆಯೊಂದಿಗಿನ ಮಾತು ಮನುಷ್ಯನಿಗೆ ಅಗತ್ಯ ಎಂದು ಕಾರ್ಮಿಕರ ವಿಷಯದಲ್ಲಿ ಒಪ್ಪಿದ ಜಗತ್ತು ಅದೇ ಹಡಗಿನ ಪ್ರಯಾಣಿಕರ ವಿಷಯದಲ್ಲಿ ಬೇರೆ ಮಾತಾಡುವುದು ಸರಿಯಲ್ಲ. ಮಗನ ಹಕ್ಕು ಮೊದಲು, ಪ್ರವಾಸಿಯದು ಆಮೇಲೆ ಎಂದರೆ ಅದಕ್ಕೂ ನನ್ನ ಒಪ್ಪಿಗೆ ಇದೆ. ಆದರೆ ಇದ್ದ ಡಿಶ್ ಒಂದೇ. ಒಂದು ಸಾಲಿನ ಸಂದೇಶ ಇಬ್ಬರಿಗೂ ಸಾಕಾಗುವಷ್ಟು ಅದರಲ್ಲಿ ಜಾಗವಿದೆ.

ಉಪಗ್ರಹದ ಖರ್ಚು ಸಣ್ಣದಲ್ಲ ಎಂಬ ಕಂಪನಿಗಳ ಮಾತು ಒಂದು ಕಾಲಕ್ಕೆ ಪೂರ್ತಿ ನಿಜವಾಗಿತ್ತು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಸ್ಥಿರ ಉಪಗ್ರಹಕ್ಕೆ ಹೋಗಿ ಬರುವ ಸಂದೇಶ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿತ್ತು. ಇದ್ದ ಅಲ್ಪ ಸಾಮರ್ಥ್ಯವನ್ನು ಸಾವಿರಾರು ಜನ ಹಂಚಿಕೊಳ್ಳಬೇಕಿತ್ತು. ಈಗ ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಸ್ಟಾರ್‌ಲಿಂಕ್‌ನಂಥ ಜಾಲಗಳಿವೆ. ರಾಯಲ್ ಕೆರಿಬಿಯನ್ 2022ರಲ್ಲಿ ತನ್ನ ಹಡಗುಗಳಿಗೆಲ್ಲ ಅದನ್ನು ಹಾಕಿಸುವುದಾಗಿ ಪ್ರಕಟಿಸಿತು, ಬೇರೆ ದೊಡ್ಡ ಕಂಪನಿಗಳೂ ಅದೇ ದಾರಿ ಹಿಡಿದವು. ವೇಗ ಹೆಚ್ಚಿತು, ಬೆಲೆ ಮಾತ್ರ ಆ ಪ್ರಮಾಣದಲ್ಲಿ ಇಳಿಯಲಿಲ್ಲ. ಅದಿರಲಿ, ಇಲ್ಲಿ ಕೇಳುತ್ತಿರುವುದು ಎಷ್ಟು? ಒಂದು ಸಾಲಿನ ಸಂದೇಶಕ್ಕೆ ಕೆಲವು ಕಿಲೋಬೈಟ್ ಸಾಕು. ಒಂದು ಗಂಟೆಯ ವಿಡಿಯೊ ಕರೆಗೆ ನೂರಾರು ಮೆಗಾಬೈಟ್ ಬೇಕು. ಮೊದಲನೆಯದನ್ನು ಬಿಟ್ಟುಕೊಟ್ಟರೆ ಎರಡನೆಯದರ ವ್ಯಾಪಾರ ಬೀಳುವುದಿಲ್ಲ. ವಿಮಾನಗಳಲ್ಲಿ ಇದು ಸಾಬೀತಾಗಿದೆ: ಅಮೆರಿಕದ ಡೆಲ್ಟಾ 2017ರಲ್ಲಿ ವಾಟ್ಸ್ಆ್ಯಪ್‌ನಂಥ ಸಂದೇಶಗಳನ್ನು ಉಚಿತ ಮಾಡಿ ಉಳಿದ ಇಂಟರ್ನೆಟ್ಟಿಗೆ ದುಡ್ಡು ತೆಗೆದುಕೊಳ್ಳುವುದನ್ನು ಮುಂದುವರಿಸಿತು. ನಮ್ಮ ಏರ್ ಇಂಡಿಯಾ 2025ರ ಆರಂಭದಲ್ಲಿ ಆಯ್ದ ವಿಮಾನಗಳಲ್ಲಿ ದೇಶದೊಳಗಿನ ಹಾರಾಟಕ್ಕೂ ವೈಫೈ ಉಚಿತ ಮಾಡಿತು. ಹಡಗುಗಳಲ್ಲೇ ವೈಕಿಂಗ್, ವರ್ಜಿನ್ ವಾಯೇಜಸ್ ಕಂಪನಿಗಳು ಸಾಮಾನ್ಯ ವೈಫೈಯನ್ನು ಟಿಕೆಟ್ಟಿನಲ್ಲೇ ಸೇರಿಸಿವೆ. ಆಗುವುದಿಲ್ಲ ಎಂಬ ಮಾತಿಗೆ ಇನ್ನು ಬಲವಿಲ್ಲ.

ಹೆಚ್ಚು ಗೌರವದಿಂದ ಉತ್ತರಿಸಬೇಕಾದ ಆಕ್ಷೇಪ ಇನ್ನೊಂದಿದೆ. ಹಡಗಿಗೆ ಹೋಗುವುದೇ ಫೋನಿನಿಂದ ನಾಲ್ಕು ದಿನ ದೂರವಿರಲು. ಊಟದ ಮೇಜಿನಲ್ಲೂ ಪರದೆ ನೋಡುವ ಮಕ್ಕಳಿಗೆ ಕಡಲನ್ನು ತೋರಿಸಲು. ಈ ಆಸೆ ನನಗೂ ಪ್ರಿಯವಾದದ್ದು. ಆದರೆ ತಾನಾಗಿ ಫೋನು ಕೆಳಗಿಡುವುದು ಬೇರೆ, ಕೈಗೆಟಕದ ಬೆಲೆಯಿಂದಾಗಿ ಕೆಳಗಿಡುವುದು ಬೇರೆ. ಮೊದಲನೆಯದರಲ್ಲಿ ನೆಮ್ಮದಿ ಇರುತ್ತದೆ, ಎರಡನೆಯದರಲ್ಲಿ ಒಳಗೊಳಗೇ ಕೊರೆಯುವ ದಿಗಿಲಿರುತ್ತದೆ. ಊರಿನಲ್ಲಿ ಹಾಸಿಗೆ ಹಿಡಿದ ಅಪ್ಪನನ್ನು ತಮ್ಮನ ಕೈಗೊಪ್ಪಿಸಿ ಬಂದ ಮಗಳು ಕಡಲು ನೋಡುತ್ತ ಕೂತರೂ ಮನಸ್ಸು ಫೋನಿನ ಮೇಲೆಯೇ ಇರುತ್ತದೆ. ದಿನಕ್ಕೊಮ್ಮೆ 'ಅಪ್ಪ ಊಟ ಮಾಡಿದರು' ಎಂಬ ಒಂದು ಸಾಲು ಬಂದರೆ ಉಳಿದ ಇಪ್ಪತ್ತಮೂರು ಗಂಟೆ ಅವಳು ನಿಜವಾಗಿ ರಜೆಯಲ್ಲಿರುತ್ತಾಳೆ. ಸಂದೇಶಕ್ಕೆ ಮಾತ್ರ ಸೀಮಿತವಾದ ಉಚಿತ ಸಂಪರ್ಕ ಮಕ್ಕಳನ್ನು ಪರದೆಗೆ ಅಂಟಿಸುವುದೂ ಇಲ್ಲ. ಅದರಲ್ಲಿ ವಿಡಿಯೊ ಓಡುವುದಿಲ್ಲ.

ವಿಹಾರ ನೌಕೆ ಶ್ರೀಮಂತರ ಖಯಾಲಿ, ಅವರ ವೈಫೈಗೆ ಸರ್ಕಾರ ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದೂ ಕೇಳುವವರಿದ್ದಾರೆ. ಹತ್ತು ವರ್ಷದ ಹಿಂದೆ ಈ ಮಾತು ಒಪ್ಪಬಹುದಿತ್ತು. 2021ರ ಸೆಪ್ಟೆಂಬರಿನಿಂದ ಮುಂಬೈ, ಗೋವಾ, ಕೊಚ್ಚಿ, ಲಕ್ಷದ್ವೀಪದ ನಡುವೆ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಎಂಬ ವಿಹಾರ ನೌಕೆ ಓಡಾಡುತ್ತಿದೆ. ರೈಲಿನ ಟಿಕೆಟ್ ಮಾರುವ ಐಆರ್‌ಸಿಟಿಸಿಯೇ ಅದರ ಪ್ಯಾಕೇಜುಗಳನ್ನೂ ಮಾರಿದೆ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 30ರಂದು ಆರಂಭಿಸಿದ ಕ್ರೂಸ್ ಭಾರತ್ ಮಿಷನ್ 2029ರ ವೇಳೆಗೆ ಸಮುದ್ರ ವಿಹಾರದ ಪ್ರಯಾಣಿಕರ ಸಂಖ್ಯೆಯನ್ನು ಹತ್ತು ಲಕ್ಷಕ್ಕೆ ಒಯ್ಯುವ ಗುರಿ ಇಟ್ಟುಕೊಂಡಿದೆ. ಅಷ್ಟು ಜನ ಬರಬೇಕಾದರೆ ಬರುವವರು ಮಧ್ಯಮ ವರ್ಗದ ಕುಟುಂಬಗಳೇ. ಸಾಲಮಾಡಿ, ಚೀಟಿ ಎತ್ತಿ ಬರುವವರೂ ಅವರಲ್ಲಿರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಕೊಚ್ಚಿಯಿಂದ 14ರಿಂದ 18 ಗಂಟೆ ಪಯಣಿಸಿ ಲಕ್ಷದ್ವೀಪ ಸೇರುವ ಹಡಗುಗಳಲ್ಲಿ ಇರುವವರೆಲ್ಲ ಪ್ರವಾಸಿಗರಲ್ಲ. ಆಸ್ಪತ್ರೆಗೆ ಬಂದು ಹೋಗುವ ರೋಗಿಗಳು, ಕಾಲೇಜಿನ ಮಕ್ಕಳು, ಸಂಸಾರ ಸಮೇತ ಊರಿಗೆ ಹೋಗುವ ನೌಕರರು. 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ದ್ವೀಪಗಳ ಸಂಪರ್ಕ ಸುಧಾರಿಸಿತು. ದ್ವೀಪಕ್ಕೂ ದಡಕ್ಕೂ ನಡುವಿನ ಆ ರಾತ್ರಿಯ ಪಯಣಕ್ಕೆ ಆ ಕೇಬಲ್ಲಿನಿಂದ ಏನೂ ಸಿಗುವುದಿಲ್ಲ. ವಿಹಾರ ನೌಕೆಗೆಂದು ಮಾಡುವ ನಿಯಮ ಈ ಹಡಗುಗಳಿಗೂ ಹರಡಬೇಕು ಎಂಬುದು ನನ್ನ ಆಸೆ.

ನಿಯಮ ಮಾಡಲು ನೆಲೆಯೂ ಇದೆ. ದೂರಸಂಪರ್ಕ ಇಲಾಖೆ ವಿಮಾನ ಮತ್ತು ಹಡಗುಗಳಲ್ಲಿನ ಸಂಪರ್ಕ ಸೇವೆಗೆ 2018ರ ಡಿಸೆಂಬರಿನಲ್ಲೇ ನಿಯಮಗಳನ್ನು ಪ್ರಕಟಿಸಿತು. ಸೇವೆಗೆ ಪರವಾನಗಿ ಕೊಡುವವರು ಅದರ ಜತೆ ಒಂದು ಷರತ್ತು ಸೇರಿಸುವುದು ಅಸಾಧ್ಯವಲ್ಲ. ನಮ್ಮ ಬಂದರಿನಿಂದ ಹೊರಟು ನಮ್ಮ ಬಂದರಿಗೇ ಮರಳುವ ಹಡಗಿನಲ್ಲಿ ಬರಹದ ಸಂದೇಶ ಎಲ್ಲ ಪ್ರಯಾಣಿಕರಿಗೂ ಉಚಿತ ಎಂಬುದು ಆ ಷರತ್ತು. ರೋಮಿಂಗ್ ಬಿಲ್ಲಿನ ವಿಷಯದಲ್ಲಿ ಯುರೋಪನ್ನು ನೋಡಬೇಕು. 2017ರ ಜೂನಿನಿಂದ ಅಲ್ಲಿ ದೇಶದಿಂದ ದೇಶಕ್ಕೆ ಹೋದರೂ ಮನೆಯ ದರವೇ ನಡೆಯುತ್ತದೆ, ಆದರೆ ಹಡಗಿನ ಉಪಗ್ರಹ ಜಾಲಕ್ಕೆ ಆ ರಿಯಾಯಿತಿ ಇಲ್ಲ. ಅದರಿಂದ ಜನ ಮೋಸ ಹೋಗುವುದನ್ನು ಕಂಡು 2022ರ ನಿಯಮದಲ್ಲಿ ತಡೆಯೊಂದನ್ನು ಸೇರಿಸಿದರು: ಹಡಗು ಅಥವಾ ವಿಮಾನದ ಜಾಲದಲ್ಲಿ ಖರ್ಚು 50 ಯೂರೊ ಅಥವಾ ಮೊದಲೇ ಗೊತ್ತುಮಾಡಿದ ಮಿತಿ ಮುಟ್ಟಿದರೆ ಸೇವೆ ತಾನಾಗಿ ನಿಲ್ಲಬೇಕು. ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ರೂಪಾಯಿಯ ಲೆಕ್ಕದಲ್ಲಿ ಅಂಥದೇ ಒಂದು ಮಿತಿ, ಹಡಗಿನ ಜಾಲಕ್ಕೆ ಫೋನು ಸೇರಿಕೊಂಡ ಕೂಡಲೇ ಕನ್ನಡವೂ ಸೇರಿ ಗ್ರಾಹಕರ ಭಾಷೆಯಲ್ಲಿ ಒಂದು ಎಚ್ಚರಿಕೆ ಇಲ್ಲಿಯೂ ಬೇಕು. ನವಮಂಗಳೂರು ಬಂದರಿಗೆ ಚಳಿಗಾಲದುದ್ದಕ್ಕೂ ವಿದೇಶಿ ವಿಹಾರ ನೌಕೆಗಳು ಬಂದು ಹೋಗುತ್ತವೆ. ನಾಳೆ ಅಲ್ಲಿಂದಲೇ ನಮ್ಮ ಕುಟುಂಬಗಳು ಹಡಗು ಹತ್ತುವ ದಿನ ಬಂದಾಗ ಈ ನಿಯಮ ಸಿದ್ಧವಾಗಿರಬೇಕು.

ಅಲ್ಲಿಯ ತನಕ ಹೊರಡುವವರು ಮನೆಯಲ್ಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸ ಒಂದಿದೆ. ಹಡಗಿನ ಹೆಸರು, ಕ್ಯಾಬಿನ್ ಸಂಖ್ಯೆ, ಯಾವ ದಿನ ಯಾವ ಬಂದರು, ತುರ್ತಿಗೆ ಹಡಗಿನ ಕಂಪನಿಯನ್ನು ದಡದಿಂದ ಸಂಪರ್ಕಿಸುವ ಫೋನ್ ನಂಬರು, ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಊರಿನಲ್ಲಿ ಉಳಿಯುವವರ ಕೈಗೆ ಕೊಡಬೇಕು. ಫ್ರಿಜ್ಜಿನ ಬಾಗಿಲೂ ಉಕ್ಕಿನದೇ. ಅಯಸ್ಕಾಂತ ಅಲ್ಲಿಯೂ ಹಿಡಿಯುತ್ತದೆ.